ಬಾಗಿಲ ಪಕ್ಕದ ಕುರ್ಚಿ

2018ರ ಅಕ್ಟೋಬರಿನ ಒಂದು ಶನಿವಾರ ರಾತ್ರಿ. ನಮ್ಮ ಮನೆಯ ಹಾಲ್‌ನಲ್ಲಿ ಏಳು ಜನ ಕೂತು 'ಹೆರೆಡಿಟರಿ' ನೋಡುತ್ತಿದ್ದೆವು. ಆರಿ ಆಸ್ಟರ್ ಅವರ ಆ ಹಾರರ್ ಸಿನಿಮಾ ಅದೇ ಜೂನ್‌ನಲ್ಲಿ ಬಂದಿತ್ತು. ಥಿಯೇಟರಿನಲ್ಲಿ ನೋಡಿ ಬಂದ ದಿನದಿಂದಲೂ ಅದನ್ನು ಎಲ್ಲರಿಗೂ ತೋರಿಸಬೇಕೆಂದು ನಾನು ಕಾಯುತ್ತಿದ್ದೆ. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಅದರಲ್ಲಿ ಒಂದು ದೃಶ್ಯ ಬರುತ್ತದೆ: ರಾತ್ರಿಯ ರಸ್ತೆ, ಕಾರು, ಅಣ್ಣ, ತಂಗಿ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ನಲ್ಲಿ ಸುರಿಯುವ ಸದ್ದು ಕೇಳಿತು. ಹೋಗಿ ನೋಡಿದರೆ ಗೆಳೆಯನೊಬ್ಬ ಸಿಂಕಿನ ಅಂಚು ಹಿಡಿದು ನಿಂತಿದ್ದ. ಅವನ ತಂಗಿ ಊರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನನಗೆ ಅದು ಗೊತ್ತಿತ್ತು. ಸುದ್ದಿ ಬಂದ ರಾತ್ರಿ ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದಿದ್ದೇ ನಾನು.

"ಮೊದಲೇ ಎದ್ದು ಬರಬಹುದಿತ್ತಲ್ಲೋ" ಅಂದೆ.

"ಮಧ್ಯದಲ್ಲಿ ಕೂತಿದ್ದೆ. ಎಲ್ಲರ ಕಾಲು ದಾಟ್ಕೊಂಡು ಬರ್ಬೇಕಿತ್ತು" ಅಂದ.

ಅಂದಿನಿಂದ ನಮ್ಮ ಹಾಲ್‌ನಲ್ಲಿ ಅಡುಗೆಮನೆ ಬಾಗಿಲ ಪಕ್ಕಕ್ಕೆ ಒಂದು ಕುರ್ಚಿ ಇಡುತ್ತೇನೆ. ಅಡುಗೆಮನೆ ದೀಪ ಆರಿಸುವುದಿಲ್ಲ. ಅಲ್ಲಿ ಕೂತವರು ಯಾವಾಗ ಬೇಕಾದರೂ ಎದ್ದು ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ.

ನಾವಿರುವುದು ಅಮೆರಿಕದ ಡೆಟ್ರಾಯಿಟ್‌ನ ಉತ್ತರಕ್ಕೆ, ಒಂದು ಉಪನಗರದಲ್ಲಿ. ಅಕ್ಟೋಬರ್ ಬಂತೆಂದರೆ ಇಲ್ಲಿ ಮನೆಮನೆಯ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಅಸ್ಥಿಪಂಜರಗಳು ಏಳುತ್ತವೆ. ತಿಂಗಳ ಕೊನೆಯ ದಿನ ಹ್ಯಾಲೋವೀನ್, ಮಕ್ಕಳು ವೇಷ ಹಾಕಿ ಮನೆಮನೆಗೆ ಬಂದು ಮಿಠಾಯಿ ಕೇಳುವ ಹಬ್ಬ. ಈ ಊರಿನಲ್ಲಿ ಅದರ ಹಿಂದಿನ ರಾತ್ರಿಗೂ ಒಂದು ಹೆಸರಿದೆ: ಡೆವಿಲ್ಸ್ ನೈಟ್. 1984ರಲ್ಲಿ ಆ ಹೊತ್ತಿನ ಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಕಡೆ ಬೆಂಕಿ ಬಿದ್ದಿತ್ತಂತೆ. ಆಮೇಲೆ ಊರಿನ ಜನರೇ ಸಾವಿರಾರು ಸಂಖ್ಯೆಯಲ್ಲಿ ಗಸ್ತು ತಿರುಗಿ ಅದನ್ನು ಏಂಜಲ್ಸ್ ನೈಟ್ ಮಾಡಿಕೊಂಡರು. ಇಂಥ ಊರಿನಲ್ಲಿ ಭಯದ ಸಿನಿಮಾಗಳಿಗೆಂದು ನಾಲ್ಕು ಶನಿವಾರ ಎತ್ತಿಡುವುದು ನನಗೆ ಸಹಜವಾಗಿಯೇ ಬಂತು. ನವರಾತ್ರಿ ನಡುವೆ ಬಿದ್ದರೆ ಒಂದು ವಾರ ಬಿಡುತ್ತೇವೆ.

ಸಿನಿಮಾ ಆರಿಸುವುದನ್ನು ಮಾತ್ರ ನಾನು ಕಲಿತಿದ್ದು ಅಮ್ಮನಿಂದ. ಅಮ್ಮ ಹಾರರ್ ನೋಡುವವಳಲ್ಲ. ಫೋನಿನಲ್ಲಿ ಕಥೆ ಹೇಳಿಸಿಕೊಳ್ಳುತ್ತಾಳೆ, ಪ್ರತಿ ಸಲ ಒಂದೇ ಕಡೆ ತಡೆಯುತ್ತಾಳೆ. "ಆ ಮನೆ ಬಿಟ್ಟು ಹೋಗ್ಬಾರ್ದಾ ಅವ್ರು?" ಬಹಳ ವರ್ಷ ಈ ಪ್ರಶ್ನೆಯನ್ನು ಹಾಗೇ ತೇಲಿಸಿಬಿಡುತ್ತಿದ್ದೆ. ಈಗ ಅದೇ ನನ್ನ ಜರಡಿ. ಎದ್ದು ಹೋಗಲಾಗದ್ದಕ್ಕೆ ಗಟ್ಟಿ ಕಾರಣವಿದ್ದರೆ ಆ ಸಿನಿಮಾ ಮನಸ್ಸಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಕಿರುಚಾಟ ಮುಗಿದು ದೀಪ ಹಾಕುವಷ್ಟರಲ್ಲಿ ಮರೆತುಹೋಗುತ್ತದೆ.

ಈ ಜರಡಿಯಲ್ಲಿ ನಿಂತ ಮೊದಲನೆಯದು 2020ರ 'ಹಿಸ್ ಹೌಸ್', ರೆಮಿ ವೀಕ್ಸ್ ನಿರ್ದೇಶನದ್ದು. ದಕ್ಷಿಣ ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದ ಗಂಡ ಹೆಂಡತಿಗೆ ಸರ್ಕಾರ ಒಂದು ಹಾಳುಬಿದ್ದ ಮನೆ ಕೊಡುತ್ತದೆ. ಷರತ್ತು ಇಷ್ಟೇ: ಆ ಮನೆ ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ. ಗೋಡೆಯೊಳಗೆ ಏನೋ ಓಡಾಡುತ್ತಿದೆ. ಬೇರೆ ಮನೆ ಕೇಳಿದರೆ ಅಧಿಕಾರಿಗಳಿಗೆ ಅನುಮಾನ, ಆಶ್ರಯವೇ ಕೈತಪ್ಪಬಹುದು. ಇದನ್ನು ತೋರಿಸಿದ ರಾತ್ರಿ ನಮ್ಮಲ್ಲಿ ಅರ್ಧ ಜನ ವೀಸಾದ ಮೇಲೆ ಇದ್ದವರು. ಯುದ್ಧ ಕಂಡವರ ಕಷ್ಟದ ಮುಂದೆ ನಮ್ಮದು ಏನೂ ಅಲ್ಲ. ಆದರೂ ಒಂದು ಕಾಗದ ಕೈಗೆ ಬರುವವರೆಗೆ ಬಾಯಿ ಮುಚ್ಚಿಕೊಂಡಿರುವುದು, ಎಲ್ಲ ಚೆನ್ನಾಗಿದೆ ಎಂದು ನಗುವುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಗಿದ ಮೇಲೆ ರಾತ್ರಿ ಒಂದೂವರೆವರೆಗೆ ಯಾರೂ ಮನೆಗೆ ಹೊರಡಲಿಲ್ಲ. ದೆವ್ವದ ಮಾತೇ ಬರಲಿಲ್ಲ. ಬಿಟ್ಟು ಬಂದವರ ಮಾತು ಬಂತು.

ಅದರ ಜೊತೆಗೆ ಸದಾ ಹೇಳುವ ಇನ್ನೊಂದು, ಬಾಬಕ್ ಅನ್ವರಿಯವರ ಪರ್ಷಿಯನ್ ಭಾಷೆಯ ಸಿನಿಮಾ 'ಅಂಡರ್ ದ ಶ್ಯಾಡೋ' (2016). ಕಾಲ ಇರಾನ್-ಇರಾಕ್ ಯುದ್ಧದ್ದು, ಜಾಗ ಟೆಹರಾನಿನ ಒಂದು ಅಪಾರ್ಟ್‌ಮೆಂಟ್. ಗಂಡ ಯುದ್ಧಭೂಮಿಯಲ್ಲಿ ವೈದ್ಯ, ಹೆಂಡತಿ ಮತ್ತು ಪುಟ್ಟ ಮಗಳು ಮನೆಯಲ್ಲಿ. ಮೇಲಿನ ಮಹಡಿಗೆ ಬಿದ್ದ ಕ್ಷಿಪಣಿ ಸಿಡಿಯದೆ ಅಲ್ಲೇ ಕೂತಿದೆ. ಮಗಳ ಗೊಂಬೆ ಕಾಣೆಯಾಗಿದೆ. ಒಂದು ರಾತ್ರಿ ತಾಯಿ ಮಗಳನ್ನು ಎತ್ತಿಕೊಂಡು ಬೀದಿಗೆ ಓಡುತ್ತಾಳೆ, ತಲೆಗೆ ಬಟ್ಟೆ ಹೊದೆಯಲೂ ಪುರಸೊತ್ತಿಲ್ಲದೆ. ತಲೆ ಮುಚ್ಚಿಲ್ಲವೆಂದು ಬೀದಿಯಲ್ಲಿ ಅವಳನ್ನು ಹಿಡಿಯುತ್ತಾರೆ. ಅಮ್ಮನಿಗೆ ಈ ಕಥೆ ಹೇಳಿದಾಗ ಅವಳು ತನ್ನ ಪ್ರಶ್ನೆ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಎಲ್ಲಿಗೆ ಹೋಗ್ತಾಳೆ" ಅಂದಳು. 84 ನಿಮಿಷದ ಸಿನಿಮಾ. ಹಾರರ್ ನನಗಲ್ಲ ಅನ್ನುವವರಿಗೆ ನಾನು ಮೊದಲು ಕೈಗಿಡುವುದು ಇದನ್ನೇ. ಡಬ್ ಆಗಿದ್ದು ಬೇಡ. ಮೂಲದ ದನಿ ಇರಲಿ, ಪರದೆಯ ಕೆಳಗಿನ ಅಕ್ಷರ ಓದಿಕೊಳ್ಳಿ. ಹೆದರಿದ ತಾಯಿಯ ಉಸಿರನ್ನು ಇನ್ನೊಬ್ಬರು ಸ್ಟುಡಿಯೋದಲ್ಲಿ ಕೂತು ತುಂಬಲಾಗದು.

ಸಿನಿಮಾ ಸಿಕ್ಕ ಮೇಲೆ ಜನರ ಸರದಿ. ಬರುವ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡುತ್ತೇನೆ. "ಯಾವುದಕ್ಕೆ ಹೆದರ್ತೀರಿ" ಎಂದು ಕೇಳಿದರೆ ಎಲ್ಲರೂ ಧೈರ್ಯವಂತರೇ. ಹಾಗಾಗಿ ಕೇಳುವುದು, "ಯಾವುದನ್ನ ನೋಡೋಕೆ ಆಗಲ್ಲ?" ಎಂದು. ಒಬ್ಬರಿಗೆ ಆಸ್ಪತ್ರೆ, ಒಬ್ಬರಿಗೆ ಮುಳುಗುವ ನೀರು, ಒಬ್ಬಳಿಗೆ ನಾಯಿಗೆ ಏನಾದರೂ ಆಗುವುದು. ಕಾರಣ ಕೇಳುವುದಿಲ್ಲ. ಬರೆದುಕೊಳ್ಳುತ್ತೇನೆ, ಅಷ್ಟೇ. ಜೆನಿಫರ್ ಕೆಂಟ್ ಅವರ 'ದ ಬಾಬಡೂಕ್' (2014) ನನ್ನ ಪಾಲಿಗೆ ಈ ಕಾಲದ ಅತ್ಯುತ್ತಮ ಹಾರರ್‌ಗಳಲ್ಲಿ ಒಂದು. ಆದರೆ ಅದರಲ್ಲಿ ನಿದ್ದೆಗೆಟ್ಟ ತಾಯಿಯೊಬ್ಬಳಿಗೆ ತನ್ನ ಮಗುವಿನ ಮೇಲೆಯೇ ರೋಷ ಏರುತ್ತಾ ಹೋಗುತ್ತದೆ. ಹೊಸದಾಗಿ ಹೆತ್ತವಳನ್ನು ಕೂರಿಸಿಕೊಂಡು ಅದನ್ನು ಹಾಕಲಾರೆ. ಐದು ವರ್ಷ ಬಿಟ್ಟು ಅವಳೇ ಅದನ್ನು ನೋಡಿ ಬಂದು ತಬ್ಬಿಕೊಂಡು ಅತ್ತರೆ ಆಶ್ಚರ್ಯವಿಲ್ಲ, ಹಾಗೆ ಆಗಿದ್ದನ್ನು ನಾನು ಕಂಡಿದ್ದೇನೆ.

ನಮ್ಮ ಊರಿನದೇ ಒಂದಿದೆ, ಡೇವಿಡ್ ರಾಬರ್ಟ್ ಮಿಚೆಲ್ ಅವರ 'ಇಟ್ ಫಾಲೋಸ್' (2014). ಡೆಟ್ರಾಯಿಟ್ ಮತ್ತು ಸುತ್ತಲ ಬಡಾವಣೆಗಳಲ್ಲೇ ತೆಗೆದದ್ದು. ಯಾವುದೋ ಒಂದು ರೂಪ ನಿಮ್ಮತ್ತ ನಡೆದು ಬರುತ್ತಿರುತ್ತದೆ. ಓಡುವುದಿಲ್ಲ, ನಿಲ್ಲುವುದೂ ಇಲ್ಲ. ಮನೆ ಬಿಟ್ಟು ಹೋಗಬಹುದು, ಊರನ್ನೂ ಬಿಡಬಹುದು, ಅದು ನಡೆದುಕೊಂಡು ಅಲ್ಲಿಗೂ ಬರುತ್ತದೆ. ಚಿಕ್ಕವಳಿದ್ದಾಗ ಎಯ್ಟ್ ಮೈಲ್ ರಸ್ತೆಯ ದಕ್ಷಿಣಕ್ಕೆ ಹೋಗಲು ಅಪ್ಪ ಅಮ್ಮ ಬಿಡುತ್ತಿರಲಿಲ್ಲ ಎಂದು ಅದರಲ್ಲಿ ಒಬ್ಬ ಹುಡುಗಿ ನೆನೆಯುತ್ತಾಳೆ. ಆ ರಸ್ತೆ ಡೆಟ್ರಾಯಿಟ್ ನಗರದ ಉತ್ತರದ ಗಡಿ. ಇಲ್ಲಿಗೆ ಬಂದ ಮೊದಲ ವಾರ ನನಗೂ ಯಾರೋ ಅದೇ ಮಾತು ಹೇಳಿದ್ದರು. ಸಿನಿಮಾದ ನಾಯಕಿ ಗೆಳೆಯನ ಜೊತೆ ಹೋಗುವ ಥಿಯೇಟರ್ 1928ರ ರೆಡ್‌ಫೋರ್ಡ್. ಅಲ್ಲಿನ ಹಳೆಯ ಆರ್ಗನ್ ಇಂದಿಗೂ ನುಡಿಯುತ್ತದೆ, ಕೇಳಿ ಬಂದಿದ್ದೇನೆ. ಈ ಸಿನಿಮಾ ಹಾಕುವ ಮುಂಚೆ ಒಂದೇ ಮಾತು ಹೇಳುತ್ತೇನೆ: ಮುಂದೆ ಮಾತಾಡುತ್ತಿರುವವರನ್ನು ಬಿಟ್ಟು ಹಿಂದೆ ದೂರದಲ್ಲಿ ನಡೆಯುತ್ತಿರುವವರನ್ನು ನೋಡಿ. ಹತ್ತು ನಿಮಿಷದೊಳಗೆ ಎಲ್ಲರೂ ಪರದೆಯ ಮೂಲೆಮೂಲೆ ಹುಡುಕತೊಡಗುತ್ತಾರೆ. ಮನೆಗೆ ಹೋಗುವಾಗ ಬೀದಿಯಲ್ಲೂ ಹಾಗೇ ನೋಡುತ್ತಾರೆ.

'ಎ ಕ್ವಯಟ್ ಪ್ಲೇಸ್' (2018) ನಮ್ಮ ತಿಂಡಿಯನ್ನೇ ಬದಲಿಸಿತು. ಸದ್ದು ಮಾಡಿದರೆ ಸಾವು ಎನ್ನುವ ಲೋಕ ಅದು. ಮೊದಲ ಸಲ ಚಕ್ಕುಲಿ, ಖಾರದ ಮಂಡಕ್ಕಿ ಇಟ್ಟಿದ್ದೆ. ಒಬ್ಬರ ಬಾಯಿಯ ಕರುಂ ಸದ್ದು ಇಡೀ ಕೋಣೆಗೆ ಕೇಳುತ್ತಿತ್ತು, ಹತ್ತು ನಿಮಿಷಕ್ಕೆ ತಟ್ಟೆಗಳೆಲ್ಲ ಕೆಳಗೆ ಹೋದವು. ಈಗ ಆ ರಾತ್ರಿ ಬಿಸಿಬೇಳೆಬಾತ್, ಬೂಂದಿ ಇಲ್ಲದೆ, ಪೇಪರ್ ತಟ್ಟೆಯಲ್ಲಿ, ಸಿನಿಮಾ ಶುರುವಾಗುವ ಮುಂಚೆ. ಟಿವಿಯಲ್ಲಿ ರಾತ್ರಿಗೆಂದು ಸದ್ದನ್ನು ಸಮ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನು ತೆಗೆದುಬಿಡಿ. ಪಿಸುಮಾತೂ ಕಿರುಚಾಟವೂ ಒಂದೇ ಮಟ್ಟಕ್ಕೆ ಬಂದರೆ ಈ ಸಿನಿಮಾದಲ್ಲಿ ಉಳಿಯುವುದು ಏನೂ ಇಲ್ಲ. ಕಿವಿ ಕೇಳದ ಮಗಳ ಪಾತ್ರ ಮಾಡಿರುವ ಮಿಲಿಸೆಂಟ್ ಸಿಮಂಡ್ಸ್ ನಿಜಕ್ಕೂ ಕಿವಿ ಕೇಳದ ನಟಿ, ಅವಳ ಮುಖ ನೋಡುವುದಕ್ಕಾದರೂ ನೋಡಬೇಕು. ಹದಿಮೂರು ದಾಟಿದ ಮಕ್ಕಳನ್ನು ನಾನು ಕೂರಿಸಿಕೊಳ್ಳುವ ಒಂದೇ ಶನಿವಾರ ಇದು.

ದೆವ್ವ ಭೂತ ನಂಬದವರಿಗೆ ಜೋರ್ಡನ್ ಪೀಲ್ ಅವರ 'ಗೆಟ್ ಔಟ್' (2017). ಮೂಲ ಚಿತ್ರಕಥೆಗೆ ಆಸ್ಕರ್ ಪಡೆದ ಸಿನಿಮಾ, ಅತಿಯಾದ ಒಳ್ಳೆಯತನ ಹೇಗೆ ಬೆನ್ನುಮೂಳೆ ಕೊರೆಯಬಲ್ಲದು ಎಂದು ತೋರಿಸುತ್ತದೆ. ಚಹಾ ಕಪ್ಪಿನಲ್ಲಿ ಚಮಚ ತಿರುಗಿಸುವ ಸದ್ದು ಆಮೇಲೆ ವಾರಗಟ್ಟಲೆ ಹಿಂದೆ ಬರುತ್ತದೆ. ನಿಧಾನದ ಸಿನಿಮಾ ಎಂದರೆ ನಿದ್ದೆ ಹೋಗುವವರಿಗೆ ಕೊರಿಯಾದ 'ಟ್ರೈನ್ ಟು ಬುಸಾನ್' (2016). ಓಡುವ ರೈಲಿನಿಂದ ಇಳಿಯುವುದು ಹೇಗೆ ಎಂದು ಅಮ್ಮನೂ ಕೇಳಲಿಲ್ಲ.

ಕೊನೆಯ ಶನಿವಾರ ನಮ್ಮ ಕಡೆಯದು. ಹಿಂದಿಯ 'ತುಂಬಾಡ್' (2018) ಹಾಕಿದ ವರ್ಷ ಹೊರಗೂ ಮಳೆ ಇತ್ತು. ಅದರಲ್ಲಿನ ಭೂತ ಹಸ್ತರನ ಹೆಸರು ಹೇಳಿ ಮಲಗಿಸುವುದು ನೋಡಿದಾಗ ಕೋಣೆಯಲ್ಲಿದ್ದ ಎಲ್ಲರಿಗೂ ತಮ್ಮ ಅಜ್ಜಿ ಹೇಳುತ್ತಿದ್ದ ಗುಮ್ಮ ನೆನಪಾದ. ಅಮ್ಮನ ಪ್ರಶ್ನೆಗೆ ಇಷ್ಟು ಕಠಿಣ ಉತ್ತರ ನಾನು ಬೇರೆಲ್ಲೂ ಕಂಡಿಲ್ಲ. ಕಥೆಯ ನಾಯಕ ವಿನಾಯಕನನ್ನು ಆ ಹಳೆಯ ವಾಡೆಯಲ್ಲಿ ಯಾರೂ ಕಟ್ಟಿಹಾಕಿಲ್ಲ. ಪುಣೆಯಲ್ಲಿ ಮನೆ, ಹೆಂಡತಿ, ಮಕ್ಕಳು ಇದ್ದೂ ನಾಣ್ಯಕ್ಕಾಗಿ ತಾನೇ ಮತ್ತೆ ಮತ್ತೆ ಬಾವಿಗಿಳಿಯುತ್ತಾನೆ. 2024ರ ಮಲಯಾಳಂ ಸಿನಿಮಾ 'ಭ್ರಮಯುಗಂ'ನಲ್ಲಿ ಹಾಡುಗಾರನೊಬ್ಬ ಕಾಡು ದಾಟಿ ಪಾಳುಮನೆಯೊಂದಕ್ಕೆ ಬರುತ್ತಾನೆ. ಮನೆಯ ಯಜಮಾನ ಮಮ್ಮೂಟ್ಟಿ, ಊಟ ಹಾಕಿ ಪಗಡೆಗೆ ಕರೆಯುತ್ತಾನೆ. ಹಣವಿಲ್ಲದವನು ಪಣಕ್ಕೆ ಒಡ್ಡುವುದು ತನ್ನ ಆಯುಷ್ಯದ ಕಾಲವನ್ನು. ಇಡೀ ಸಿನಿಮಾ ಕಪ್ಪುಬಿಳುಪು. ಅದೊಂದಕ್ಕೆ ಮಾತ್ರ ಅಡುಗೆಮನೆ ದೀಪಕ್ಕೆ ಪರದೆ ಎಳೆಯುತ್ತೇನೆ.

ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಸಿನಿಮಾ ಇಲ್ಲ. ಅದು ಮಕ್ಕಳದ್ದು. ಚಾಕೊಲೇಟ್ ಬುಟ್ಟಿಯ ಮೇಲೆ, ಬಾಗಿಲಿಗೆ, ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತೇನೆ, ನಮ್ಮ ಹಳ್ಳಿಗಳಲ್ಲಿ ಬರೆಯುತ್ತಿದ್ದಂತೆ. 2024ರಲ್ಲಿ ನರಕ ಚತುರ್ದಶಿ ಅದೇ ದಿನ ಬಂದಿತ್ತು. ಮಾಟಗಾತಿ ಟೊಪ್ಪಿ ಹಾಕಿದ್ದ ಪಕ್ಕದ ಬೀದಿಯ ಕನ್ನಡದ ಹುಡುಗಿ ಹಣತೆಯ ಬೆಳಕಿನಲ್ಲಿ ಅಕ್ಷರ ಕೂಡಿಸಿ ಓದಿ, "ಆಂಟಿ, ನಾಳೆನೂ ಬರ್ಲಾ?" ಎಂದು ಕೇಳಿದಳು.

ಸಿಂಕಿನ ಬಳಿ ನಿಂತಿದ್ದ ಗೆಳೆಯ ಎರಡು ವರ್ಷ ಬರಲಿಲ್ಲ. ಮೂರನೆಯ ವರ್ಷ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಈಗ ಆ ಕುರ್ಚಿ ಅವನದೇ. 'ಹೆರೆಡಿಟರಿ'ಯನ್ನು ನಾನು ಮತ್ತೆ ಯಾರಿಗೂ ಹಾಕಿಲ್ಲ. ಕೇಳಿದವರಿಗೆ ಅದರಲ್ಲಿ ಏನಿದೆ ಎಂದು ಮೊದಲೇ ಹೇಳಿ, ಒಬ್ಬರೇ ಹಗಲಲ್ಲಿ ನೋಡಿ ಎನ್ನುತ್ತೇನೆ.

ಈ ವರ್ಷ ಮೂರನೆಯ ಶನಿವಾರಕ್ಕೆ ನಾ ಹೊಂಗ್-ಜಿನ್ ಅವರ ಕೊರಿಯನ್ ಸಿನಿಮಾ 'ದ ವೇಲಿಂಗ್' (2016) ಅಂದುಕೊಂಡಿದ್ದೆ. 156 ನಿಮಿಷ ಉದ್ದ, ಆದರೆ ಅದರಲ್ಲಿ ಮಂತ್ರವಾದಿ ಡೋಲಿನ ನಡುವೆ ಕುಣಿಯುವ ದೃಶ್ಯವನ್ನು ಪುತ್ತೂರಿನ ಕಡೆಯ ಗೆಳತಿಯೊಬ್ಬಳ ಜೊತೆ ಕೂತು ನೋಡಬೇಕೆಂದು ಬಹಳ ದಿನದ ಆಸೆ. ಚಿಕ್ಕಂದಿನಿಂದ ಕೋಲ ನೋಡಿ ಬೆಳೆದವಳು ಅವಳು. ನಿನ್ನೆ ಫೋನ್ ಮಾಡಿ ಎಂದಿನ ಪ್ರಶ್ನೆ ಕೇಳಿದೆ. "ಮಕ್ಕಳಿಗೆ ಕಾಯಿಲೆ ಆಗೋದು ಬೇಡ ಈ ಸಲ" ಅಂದಳು. ಆ ಸಿನಿಮಾದಲ್ಲಿ ಪೊಲೀಸಿನವನ ಮಗಳೇ ಕಾಯಿಲೆ ಬೀಳುತ್ತಾಳೆ. ಮೂರನೆಯ ಶನಿವಾರ ಸದ್ಯಕ್ಕೆ ಖಾಲಿ ಇದೆ.