ಖಾಲಿ ಕಂಟೇನರ್ ಬಂತಾ? ಮೊದಲು ಒಳಗೆ ನಿಂತು ಬಾಗಿಲು ಹಾಕಿಸಿ

ತುಮಕೂರು, ಗುಬ್ಬಿ, ತಿಪಟೂರು ಕಡೆ ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಹೊರದೇಶಕ್ಕೆ ಕಳಿಸುವವರಿದ್ದಾರೆ. ಮಾಲು ಚೆನ್ನಾಗಿಯೇ ಇರುತ್ತದೆ. ಕೆಡುವುದು ಕಂಟೇನರ್‌ನೊಳಗೆ. ಟ್ರೇಲರ್ ಅಂಗಳಕ್ಕೆ ಬಂದದ್ದೇ ತಡ, ಬಾಗಿಲು ತೆಗೆದು ತುಂಬಲು ಶುರು ಮಾಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಹಮಾಲರು ಕಾಯ್ತಾ ಇದ್ದಾರೆ, ಡ್ರೈವರ್‌ಗೆ ಅವಸರ. ಖಾಲಿ ಕಂಟೇನರ್ ಪರೀಕ್ಷಿಸುವ ಅರ್ಧ ಗಂಟೆ ಉಳಿಸಲು ಹೋಗಬೇಡಿ.

ಬುಕಿಂಗ್, ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಪತ್ರ) ಕೆಲಸವನ್ನು ಕಸ್ಟಮ್ಸ್ ಏಜೆಂಟರು ನೋಡಿಕೊಳ್ಳುತ್ತಾರೆ. ನೀವು ಹಠ ಹಿಡಿಯಬೇಕಾದದ್ದು ಒಂದಕ್ಕೆ: ಕಂಟೇನರ್ ಹಗಲು ಹೊತ್ತಿನಲ್ಲೇ ಬರಬೇಕು. ರಾತ್ರಿ ಬಂದರೆ ಬೆಳಗಿನ ತನಕ ನಿಲ್ಲಿಸಿ.

1. ಎರಡೂ ಬಾಗಿಲು ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಹಿಂದಿನ ಮಾಲಿಗೆ ಹಾಕಿದ ಹೊಗೆಮದ್ದು ಒಳಗೆ ಉಳಿದಿರಬಹುದು. ಕಣ್ಣು, ಗಂಟಲು ಉರಿದರೆ ಒಳಗೆ ಕಾಲಿಡಲೇಬೇಡಿ.

2. ಆಮೇಲೆ ಒಳಗೆ ಹೋಗಿ, ಹೊರಗಿನವರಿಗೆ ಬಾಗಿಲು ಮುಚ್ಚಲು ಹೇಳಿ. ಚಿಲಕ ಹಾಕುವುದು ಬೇಡ, ಒಬ್ಬರು ಬಾಗಿಲ ಬಳಿಯೇ ನಿಲ್ಲಲಿ. ಎರಡು ನಿಮಿಷ ಸುಮ್ನೆ ನಿಂತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಚಾವಣಿ ನೋಡಿ, ನಾಲ್ಕು ಮೂಲೆ ನೋಡಿ, ಬಾಗಿಲ ರಬ್ಬರ್ ಸುತ್ತ ನೋಡಿ. ಎಲ್ಲಿಂದಲೂ ಬೆಳಕು ಬರಬಾರದು. ಒಮ್ಮೆ ಚಾವಣಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳಕು ಕಂಡಿತು. ಮೇಲೆ ಹತ್ತಿಸಿ ನೋಡಿದರೆ ತೂತಿಗೆ ಟೇಪ್ ಅಂಟಿಸಿ ಬಣ್ಣ ಬಳಿದಿದ್ದರು! ವಾಪಸ್ ಕಳಿಸಿದೆ. ಒಂದು ದಿನ ಹೋಯಿತು, ಮಾಲು ಉಳಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ನೆಲದ ಪ್ಲೈವುಡ್ ಮೇಲೆ ಅಂಗೈ ಒತ್ತಿ. ತಣ್ಣಗೆ, ಜಿಗುಟಾಗಿ ಅನ್ನಿಸಿದರೆ ನೀರು ಕುಡಿದಿದೆ ಅಂತ ಅರ್ಥ. ಮೀನಿನ ವಾಸನೆ, ಕೆಮಿಕಲ್ ವಾಸನೆ ಇದ್ದರೆ ಬೇಡ ಅನ್ನಿ. ಸಂದಿಗಳಲ್ಲಿ ಕಾಳು, ಇರುವೆ ಇದ್ದರೆ ಗುಡಿಸಿ ತೆಗೆಯಿರಿ. ಗಿಡ ಬೆಳೆಸುವ ಮಾಲು ನಮ್ಮದು, ಮಾಲು ಇಳಿಯುವ ದೇಶದ ಸಸ್ಯ ತಪಾಸಣೆಯವರು ಒಂದು ಹುಳ ಕಂಡರೂ ಬಿಡುವುದಿಲ್ಲ.

3. ಮಾಲು ಇಡುವ ಮರದ ಹಲಗೆ, ಅಂದರೆ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿನ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮರದ ಜೊತೆ ಹುಳ ದೇಶದಿಂದ ದೇಶಕ್ಕೆ ಹೋಗದಿರಲಿ ಅಂತ ಮಾಡಿದ ಅಂತರರಾಷ್ಟ್ರೀಯ ನಿಯಮ ಅದು. ಕಾಯಿಸುವ ವಿಧಾನದಲ್ಲಾದರೆ ಮರದ ಒಳಭಾಗ 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಮುದ್ರೆಯಿದ್ದರೂ ಹಸಿ ಪ್ಯಾಲೆಟ್ ಬಳಸಬೇಡಿ. ಹಗಲು ಒಳಗಿನ ತೇವ ಆವಿಯಾಗುತ್ತದೆ, ರಾತ್ರಿ ತಣ್ಣಗಾದ ಚಾವಣಿಗೆ ಹನಿಗಟ್ಟಿ ಮಾಲಿನ ಮೇಲೇ ಬೀಳುತ್ತದೆ. ತೂತಿಲ್ಲದಿದ್ದರೂ ಮಾಲು ನೆನೆಯುವುದು ಹೀಗೆ. ಮೇಲೆ ಕ್ರಾಫ್ಟ್ ಪೇಪರ್ ಹೊದಿಸಿ, ಪಕ್ಕದಲ್ಲಿ ತೇವ ಹೀರುವ ಚೀಲ ತೂಗುಹಾಕಿ. ಅಗ್ಗದ ಚೀಲ ಬೇಡ. ಹೀರಿದ ನೀರನ್ನು ಅದೇ ಕೆಳಗೆ ಸೋರಿಸುತ್ತದೆ. ಜೆಲ್ ಆಗಿ ಗಟ್ಟಿಯಾಗುವಂಥದ್ದನ್ನೇ ಕೇಳಿ ತನ್ನಿ.

4. ತುಂಬುವಾಗ ತೂಕ ಒಂದೇ ಕಡೆ ಬೀಳದಂತೆ ನೋಡಿಕೊಳ್ಳಿ. ಖಾಲಿ, ಅರ್ಧ, ಪೂರ್ತಿ, ಮೂರೂ ಹಂತದ ಫೋಟೊ ತೆಗೆಯಿರಿ.

5. ಬೋಲ್ಟ್ ಸೀಲ್ (ಕತ್ತರಿಸದೆ ತೆಗೆಯಲಾಗದ, ನಂಬರ್ ಇರುವ ಕಬ್ಬಿಣದ ಸೀಲ್) ಹಾಕುವುದು ಬಲಬಾಗಿಲಿಗೆ. ಅದು ತೆರೆಯದೆ ಎಡಬಾಗಿಲು ತೆರೆಯುವುದಿಲ್ಲ. ಕಂಟೇನರ್ ನಂಬರ್ ಎಂದರೆ 4 ಅಕ್ಷರ, 7 ಅಂಕಿ. ಅದನ್ನೂ ಸೀಲ್ ನಂಬರನ್ನೂ ಬಾಯಿಂದ ಹೇಳಿ ಬರೆಸಬೇಡಿ, ಫೋಟೊ ಕಳಿಸಿ. ಒಂದಂಕಿ ತಪ್ಪಿದರೂ ಬಂದರಿನ ಗೇಟಿನಲ್ಲಿ ಲಾರಿ ನಿಲ್ಲುತ್ತದೆ.

6. ವೇ ಬ್ರಿಡ್ಜ್‌ಗೆ ಹೋಗಿ ತೂಕದ ಚೀಟಿ ತನ್ನಿ. 2016ರ ಜುಲೈ 1ರಿಂದ ತೂಕದ ದೃಢೀಕರಣ ಇಲ್ಲದೆ ತುಂಬಿದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ಅಂದಾಜಿಗೆ ಬರೆಯಬೇಡಿ.

ಇನ್ನು ದಾರಿ. ಚೆನ್ನೈ ಬಂದರಿಗೆ ತುಮಕೂರಿನಿಂದ ಸುಮಾರು 400 ಕಿ.ಮೀ. ಮಂಗಳೂರು ಹತ್ತಿರ ಅನ್ನಿಸಬಹುದು, ಆದರೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಕಾಯಬೇಕಾಗುತ್ತದೆ. ಎಲ್ಲಿಗೇ ಹೋಗಲಿ, ಬಂದರಿನ ಕಟ್‌ಆಫ್‌ಗೆ, ಅಂದರೆ ಕಂಟೇನರ್ ಒಳಗೆ ತೆಗೆದುಕೊಳ್ಳುವ ಕೊನೆಯ ಗಡುವಿಗೆ, ಒಂದು ಪೂರ್ತಿ ದಿನ ಕೈಯಲ್ಲಿಟ್ಟುಕೊಂಡೇ ಲಾರಿ ಬಿಡಿ. ಹೊರಡುವ ಮುಂಚೆ ಡ್ರೈವರ್‌ಗೆ ಊಟ ಹಾಕಿಸಿ, ಏಜೆಂಟರ ನಂಬರನ್ನು ಅವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ.