ಆರು ಸಾವಿರದ ಬೋರ್ಡು, ನಿಂತಂತೆ ಕಂಡ ಸೂಜಿ

“ಏನಪ್ಪಾ, ಆರು ಸಾವಿರ ಕೊಟ್ಟು ಅಂಗೈಯಷ್ಟು ಹಸಿರು ಹಲಗೆ ತರಿಸಿದ್ದೀಯಂತೆ. ಬಂಗಾರದ ನೀರು ಹೊಡೆದಿದ್ದಾರೇನು ಅದಕ್ಕೆ?” ಬಳ್ಳಾರಿಯ ಕೌಲ್ ಬಜಾರಿನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಜೀನ್ಸ್ ಘಟಕದ ಮಾಲೀಕರೊಬ್ಬರು ಹೀಗೆ ಕೇಳಿದಾಗ ಪಕ್ಕದ ಮೊಬೈಲ್ ರಿಪೇರಿ ಹುಡುಗರೂ ಸೇರಿಕೊಂಡು ನಕ್ಕಿದ್ದರು. ಆ ಹಲಗೆ, ಎಲ್‌ಇಡಿಗೆ ಹದವಾದ ಕರೆಂಟು ಕೊಡುವ ಚಿಪ್ಪೊಂದನ್ನು ಪರೀಕ್ಷಿಸಿ ನೋಡಲು ಅದರ ಕಂಪನಿಯೇ ಮಾಡಿದ ಬೋರ್ಡು. ಈಗ ಅದೇ ಮಾಲೀಕರ ನಲವತ್ತು ಹೊಲಿಗೆ ಯಂತ್ರಗಳ ಮೇಲೆ ನನ್ನ ದೀಪ ಉರಿಯುತ್ತಿದೆ. ಒಂದು ಬೇಸಿಗೆಯೂ ದಾಟಿತು. ನಕ್ಕ ಹುಡುಗರಿಗೆ ಮಂಡಕ್ಕಿ ಮಿರ್ಚಿ ಕೊಡಿಸಿದ್ದೂ ಆಯಿತು. ಇನ್ನು ಬರೆಯಲು ಅಡ್ಡಿಯಿಲ್ಲ.

ಜೀನ್ಸ್ ಹೊಲಿಗೆಗೆ ಎಷ್ಟು ಬೆಳಕಿದ್ದರೂ ಸಾಲದು. ಕಡುನೀಲಿ ಬಟ್ಟೆ ಬೆಳಕನ್ನು ನುಂಗುತ್ತದೆ, ಅದರ ಮೇಲೆ ಕಡುನೀಲಿ ದಾರ ಬಿದ್ದರೆ ಮುಗಿಯಿತು. ಎಲ್ಲರೂ ಹಾಕುವುದು ಇನ್ನೂರೈವತ್ತು ಮುನ್ನೂರು ರೂಪಾಯಿಯ ಮ್ಯಾಗ್ನೆಟ್ ದೀಪ. ಆ ಘಟಕದಲ್ಲಿ ಹೊಲಿಯುವ ಅಕ್ಕ ಒಬ್ಬರು ಬ್ಯಾಂಡೇಜ್ ಸುತ್ತಿದ ಹೆಬ್ಬೆರಳು ತೋರಿಸಿ, “ಅಣ್ಣಾ, ಬೆಳಕೇನೋ ಇದೆ. ಆದರೆ ಸೂಜಿ ಓಡುತ್ತಿದ್ದರೂ ಒಮ್ಮೊಮ್ಮೆ ನಿಂತಂತೆ ಕಾಣುತ್ತದೆ, ಬೆರಳು ತಾನಾಗಿ ಮುಂದೆ ಹೋಗಿಬಿಡುತ್ತದೆ” ಎಂದರು. ಲೆಕ್ಕ ಸರಳ. ನಮ್ಮ ಕರೆಂಟು 50 ಹರ್ಟ್ಸ್, ಫಿಲ್ಟರ್ ನೆಟ್ಟಗಿಲ್ಲದ ದೀಪ ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. ಯಂತ್ರ ನಿಮಿಷಕ್ಕೆ 3000 ಹೊಲಿಗೆಯ ವೇಗದಲ್ಲಿದ್ದರೆ ಸೂಜಿ ಸೆಕೆಂಡಿಗೆ 50 ಬಾರಿ ಇಳಿದು ಏರುತ್ತದೆ. ದೀಪ ಹೊಳೆದಾಗಲೆಲ್ಲ ಅದು ಅವೇ ಎರಡು ಜಾಗಗಳಲ್ಲಿ ಸಿಕ್ಕಿಬೀಳುತ್ತದೆ, ಕಣ್ಣಿಗೆ ನಿಂತಂತೆ ಕಾಣುತ್ತದೆ.

ಮೊದಲ ಪ್ರಯತ್ನದಲ್ಲಿ ನಾನೂ ಅದೇ ಹಳ್ಳಕ್ಕೆ ಬಿದ್ದೆ. ಕರೆಂಟನ್ನು 24 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್ ಪೆಟ್ಟಿಗೆ, ಎಲ್‌ಇಡಿ ನಡೆಸುವ ನೂರು ರೂಪಾಯಿಯ ಸಿದ್ಧ ಮಾಡ್ಯೂಲ್, ಬೆಳಕು ಹೆಚ್ಚು ಕಡಿಮೆ ಮಾಡಲು ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನಿಂದ ಪಿಡಬ್ಲ್ಯುಎಂ, ಅಂದರೆ ದೀಪವನ್ನು ಸರಸರನೆ ಹಚ್ಚಿ ಆರಿಸುವುದು. ಅದರ ಹೆಚ್ಚಿನ ಪಿನ್ನುಗಳಲ್ಲಿ ಇದು 490 ಹರ್ಟ್ಸ್ ಆಸುಪಾಸು. ನನ್ನ ಮೇಜಿನ ಮೇಲೆ ಬೆಳಕು ಹಾಲಿನಂತಿತ್ತು. ಯಂತ್ರಕ್ಕೆ ಕಟ್ಟಿ ಪೆಡಲ್ ಒತ್ತಿದರೆ ಸೂಜಿ ಹಿಡಿದ ಕ್ಲ್ಯಾಂಪ್ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಕಂಡಿತು, ವೇಗ ಬದಲಾದಂತೆ ಮೆಟ್ಟಿಲು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ತೇಲಿತು. ಅಕ್ಕ ಐದೇ ನಿಮಿಷದಲ್ಲಿ ತಲೆ ಹಿಡಿದುಕೊಂಡು ಎದ್ದರು.

ಬೆಳಕನ್ನು ಚೂರು ಚೂರು ಕತ್ತರಿಸುವ ಸಹವಾಸವೇ ಬೇಡ, ಎಲ್‌ಇಡಿಯೊಳಗಿನ ಕರೆಂಟನ್ನೇ ಇಳಿಸೋಣ ಎಂದು ಆಗ ತೀರ್ಮಾನಿಸಿದೆ. ಹುಡುಕಿ ಎಲ್‌ಎಂ3409 ಚಿಪ್ ಆರಿಸಿದೆ. ಮೂಲದಲ್ಲಿ ಇದು ನ್ಯಾಷನಲ್ ಸೆಮಿಕಂಡಕ್ಟರ್‌ನದು, 2011ರಲ್ಲಿ ಆ ಕಂಪನಿಯನ್ನೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. 6ರಿಂದ 42 ವೋಲ್ಟ್ ತಡೆಯುತ್ತದೆ, ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚಾಗಿ ಹೊರಗಡೆ ಪಿ ಚಾನೆಲ್ ಮಾಸ್‌ಫೆಟ್ ಇರುತ್ತದೆ, ಐಎಡಿಜೆ ಎಂಬ ಪಿನ್ನಿಗೆ 0ರಿಂದ 1.24 ವೋಲ್ಟ್ ಕೊಟ್ಟರೆ ಕರೆಂಟು ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ನೇರವಾಗಿ ಸ್ವಂತ ಪಿಸಿಬಿ (ಬಿಡಿಭಾಗಗಳನ್ನು ಕೂರಿಸುವ ತಾಮ್ರದ ಗೆರೆಗಳ ಹಲಗೆ) ಮಾಡಿಸಬಹುದಿತ್ತು. ಹಿಂದೆ ಬೇರೆ ಚಿಪ್ಪಿಗೆ ಎರಡು ಬಾರಿ ಹಾಗೆ ಮಾಡಿ, ತಪ್ಪು ಚಿಪ್ಪಿನದೋ ನಾನು ಎಳೆದ ತಾಮ್ರದ ಗೆರೆಗಳದೋ ತಿಳಿಯದೆ ನಾಲ್ಕು ಸಾವಿರ ಕಳೆದುಕೊಂಡಿದ್ದೆ. ಚಿಪ್ಪಿನ ಕಂಪನಿಯೇ ಪರೀಕ್ಷೆಗೆಂದು ಮಾಡಿದ ಬೋರ್ಡಾದರೆ ಗೆರೆಗಳು ಸರಿಯಿರುತ್ತವೆ, ತಪ್ಪಾದರೆ ಅದು ನನ್ನದೇ ಎಂದು ಖಚಿತ. ಅದನ್ನೇ ತರಿಸಿದೆ. ಸಾಗಣೆ, ತೆರಿಗೆ ಎಲ್ಲ ಸೇರಿ ಆರು ಸಾವಿರದ ಚಿಲ್ಲರೆ ಆಯಿತು.

ಅದನ್ನು ಮೊದಲ ದಿನವೇ ಸುಟ್ಟೆ.

ಎಸ್‌ಎಂಪಿಎಸ್ ಮೊದಲೇ ಚಾಲೂ ಇತ್ತು. ಒಂದೂವರೆ ಮೀಟರ್ ತಂತಿಯ ತುದಿಯನ್ನು ಬೋರ್ಡಿನ ಟರ್ಮಿನಲ್‌ಗೆ ತಾಗಿಸಿದೆ. ಚಿಟ್ ಎಂದು ಕಿಡಿ, ಮರುಕ್ಷಣವೇ ಮೂರು ಎಲ್‌ಇಡಿಗಳೂ ನೇರಳೆಯಾಗಿ ಹೊಳೆದು ಆರಿದವು. ಮಾಸ್‌ಫೆಟ್ ಶಾರ್ಟ್ ಆಗಿ ಪೂರ್ತಿ 24 ವೋಲ್ಟ್ ಅವುಗಳ ಮೇಲೆ ಹೋಗಿತ್ತು. ಎರಡು ದಿನ ಸಪ್ಲೈಯನ್ನೇ ಬೈಯುತ್ತಿದ್ದೆ. ಆಮೇಲೆ ಹೊಳೆಯಿತು: ಉದ್ದ ತಂತಿಯ ಇಂಡಕ್ಟನ್ಸು (ಕರೆಂಟಿನ ಏರಿಳಿತಕ್ಕೆ ಅಡ್ಡ ನಿಲ್ಲುವ ಗುಣ), ಬೋರ್ಡಿನ ಸಿರಾಮಿಕ್ ಕೆಪಾಸಿಟರು (ವಿದ್ಯುತ್ತನ್ನು ತುಂಬಿಡುವ ಬಿಡಿಭಾಗ), ಇವೆರಡೂ ಸೇರಿ ಉಯ್ಯಾಲೆಯಾಡಿದರೆ ಆ ಕ್ಷಣಕ್ಕೆ ವೋಲ್ಟೇಜು ಹೆಚ್ಚುಕಡಿಮೆ ಇಮ್ಮಡಿ ತಲುಪಬಹುದು. 24ರ ಇಮ್ಮಡಿ 48, ಚಿಪ್ಪಿನ ಮಿತಿ 42. ಹತ್ತು ಕಾಲಿನ, ಹೊಟ್ಟೆಯಡಿಯಲ್ಲೂ ಬೆಸುಗೆಯಿರುವ ಆ ಪುಟ್ಟ ಚಿಪ್ಪನ್ನು ನಕ್ಕಿದ್ದ ಹುಡುಗರ ಹಾಟ್ ಏರ್ ಯಂತ್ರದಲ್ಲೇ ಬದಲಿಸಿದೆ. ಚಿಪ್ಪು, ಮಾಸ್‌ಫೆಟ್, ಎಲ್‌ಇಡಿ ಸೇರಿ ಐನೂರರ ಮೇಲೆ ಹೋಯಿತು. ಪರಿಹಾರ ಹತ್ತು ಹದಿನೈದು ರೂಪಾಯಿಯದು: ಇನ್‌ಪುಟ್‌ಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್, 63 ವೋಲ್ಟಿನ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರ ಒಳಗಿನ ರೆಸಿಸ್ಟನ್ಸೇ ಉಯ್ಯಾಲೆಯನ್ನು ತಡೆಯುತ್ತದೆ. ಅಂದಿನಿಂದ ಯಾವ ಹೊಸ ಬೋರ್ಡಾದರೂ ಗಣಿ ಟಿಪ್ಪರಿನ ಹಳೆಯ 24 ವೋಲ್ಟ್ ಬಲ್ಬನ್ನು ಸಾಲಿನಲ್ಲಿ ಸೇರಿಸಿಯೇ ಮೊದಲ ಬಾರಿ ಚಾಲೂ ಮಾಡುತ್ತೇನೆ. ಶಾರ್ಟ್ ಇದ್ದರೆ ಬಲ್ಬು ಹೊತ್ತಿಕೊಳ್ಳುತ್ತದೆ, ಬೋರ್ಡು ಉಳಿಯುತ್ತದೆ. ಚಾಲೂ ಇರುವಾಗ ಎಲ್‌ಇಡಿ ಸರಪಳಿಯನ್ನು ಬಿಚ್ಚಿ ಹಚ್ಚುವುದೂ ಅಷ್ಟೇ ಅಪಾಯ. ಔಟ್‌ಪುಟ್ ಕೆಪಾಸಿಟರ್ ತುಂಬಿಕೊಂಡು ಕೂತಿರುತ್ತದೆ, ತಾಗಿಸಿದ ಕೂಡಲೇ ಎಲ್ಲವನ್ನೂ ಸುರಿಯುತ್ತದೆ. ಎರಡು ಎಲ್‌ಇಡಿ ಹೀಗೂ ಹೋದವು.

ಇನ್ನು ಕರೆಂಟಿನ ಹೊಂದಾಣಿಕೆ. ನನಗೆ ಬೇಕಿದ್ದದ್ದು 350 ಮಿಲಿ ಆಂಪಿಯರ್. ಕರೆಂಟನ್ನು ಅಳೆಯುವ ಸೆನ್ಸ್ ರೆಸಿಸ್ಟರ್ ಮೇಲೆ ಗರಿಷ್ಠ 248 ಮಿಲಿವೋಲ್ಟ್, ಭಾಗಿಸಿದರೆ 0.7 ಓಮ್. ಸಿಕ್ಕಿದ್ದು 0.68, ಹಾಕಿದೆ. ಮೀಟರು ತೋರಿಸಿದ್ದು 310ರ ಹತ್ತಿರ. ಮೀಟರಿನ ಮೇಲೆ ಅನುಮಾನ ಬಂದು ಸೆಲ್ ಬದಲಿಸಿದೆ, ಗೆಳೆಯನ ಮೀಟರ್ ತಂದೆ. ಅದೂ 310 ಎಂದಿತು. ಈ ಚಿಪ್ಪು ಹಿಡಿಯುವುದು ಕರೆಂಟಿನ ಶಿಖರವನ್ನು, ಮೀಟರು ಹೇಳುವುದು ಸರಾಸರಿಯನ್ನು ಎಂಬುದು ತಲೆಗೆ ಹೋಗಲು ಒಂದು ಭಾನುವಾರ ಬೇಕಾಯಿತು. ರಿಪ್ಪಲ್ಲಿನ, ಅಂದರೆ ಕರೆಂಟಿನ ಏರಿಳಿತದ, ಅರ್ಧವನ್ನು ಸೇರಿಸಿ ಲೆಕ್ಕ ಹಾಕಬೇಕು. ಕರೆಂಟನ್ನು ಸಮ ಮಾಡುವ ನನ್ನ ಇಂಡಕ್ಟರಿನಲ್ಲಿ (ತಂತಿಯ ಸುರುಳಿ) ರಿಪ್ಪಲ್ ಸುಮಾರು 100, ಆದ್ದರಿಂದ ಶಿಖರ 400, ರೆಸಿಸ್ಟರ್ 0.62. ಈಗ 350ರ ಆಚೆ ಈಚೆ ಐದು.

ಬೆಳಕು ಇಳಿಸಲು ಐಎಡಿಜೆ ಪಿನ್ನಿನಿಂದ ಗ್ರೌಂಡಿಗೆ 250 ಕೆ (ಕಿಲೋ ಓಮ್) ವಾಲ್ಯೂಮ್ ಪಾಟ್, ಅಂದರೆ ತಿರುಗಿಸುವ ರೆಸಿಸ್ಟರ್, ಸಾಕು. ಚಿಪ್ಪೇ ಆ ಪಿನ್ನಿನಿಂದ 5 ಮೈಕ್ರೋಆಂಪಿಯರ್ ಹೊರಬಿಡುತ್ತದೆ, ಬೇರೆ ಏನೂ ಬೇಡ. ಅಂಗಡಿಯಲ್ಲಿ ಸೊಗಸಾಗಿ ನಡೆಯಿತು. ಘಟಕಕ್ಕೆ ಒಯ್ದು ಪಾಟನ್ನು ಅರ್ಧ ಮೀಟರ್ ತಂತಿಯಲ್ಲಿ ಎಳೆದು ಮೇಜಿನ ಅಂಚಿಗೆ ಕೂರಿಸಿದೆ. ಪಕ್ಕದ ಯಂತ್ರದ ಪೆಡಲ್ ಒತ್ತಿದಾಗಲೆಲ್ಲ ನನ್ನ ದೀಪ ಕಣ್ಣು ಹೊಡೆಯತೊಡಗಿತು! ಮಾಲೀಕರು ಏನೂ ಹೇಳಲಿಲ್ಲ, ಹುಬ್ಬು ಮಾತ್ರ ಏರಿಸಿದರು. ಅಷ್ಟು ಸಣ್ಣ ಕರೆಂಟಿನ ತಂತಿ ಮೋಟಾರುಗಳ ಗದ್ದಲವನ್ನೆಲ್ಲ ಆಂಟೆನಾದಂತೆ ಹಿಡಿಯುತ್ತಿತ್ತು. ಪಾಟನ್ನು ದೀಪದ ಪೆಟ್ಟಿಗೆಯೊಳಗೇ ತಂದೆ, ಪಿನ್ನಿನ ಬುಡದಲ್ಲಿ 0.1 ಮೈಕ್ರೋಫ್ಯಾರಡ್ ಇಟ್ಟೆ. ಗದ್ದಲ ತಡೆಯುವ ಇನ್ನೊಂದು ಫೆರೈಟ್ ಮಣಿಯೂ ಇದೆ. ಅದು ಎಲ್ಲಿದೆ, ಎಷ್ಟರದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಯಾವ ಇಂಡಕ್ಟರ್ ಎಂಬುದನ್ನೂ ಬರೆಯುವುದಿಲ್ಲ. ಹೊಟ್ಟೆಪಾಡು. ಪಾಟಿನ ಜೊತೆ ಸಾಲಿನಲ್ಲಿ 68 ಕೆ ಸೇರಿಸಿ, ಕರೆಂಟಿನ ಶಿಖರ ಕಾಲು ಭಾಗಕ್ಕಿಂತ ಕೆಳಗೆ ಇಳಿಯದಂತೆ ಮಾಡಿದ್ದೇನೆ. ಅದಕ್ಕಿಂತ ಕೆಳಗೆ ಒಂದೊಂದು ದೀಪ ಒಂದೊಂದು ತರಹ ಉರಿಯುತ್ತಿತ್ತು.

ಬೋರ್ಡು ಕೈಯಲ್ಲಿದ್ದಾಗ ಸುಮ್ಮನಿರಲಾಗಲಿಲ್ಲ. ಏಳು ಎಲ್‌ಇಡಿ ಸಾಲಾಗಿ ಹಾಕಿ ನೋಡಿದೆ. 22 ವೋಲ್ಟಿನ ಹತ್ತಿರವಾದರೂ ಕರೆಂಟು ಕದಲಲಿಲ್ಲ, ಸ್ವಿಚಿಂಗ್ ಆವರ್ತನ ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಬಣ್ಣದ ಪರೀಕ್ಷೆಯಲ್ಲಿ ಇನ್ನೂ ಹೆಚ್ಚು ದಿನ ಕಳೆದೆ. 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿಯಲ್ಲಿ ಬಟ್ಟೆ ಚೆನ್ನಾಗಿ ಕಂಡರೂ ಜೇಬಿನ ತಾಮ್ರ ಬಣ್ಣದ ದಾರ ಸೊರಗಿತು. 3000ದ ಹಳದಿ ಛಾಯೆಯಲ್ಲಿ ದಾರ ಮಿಂಚಿತು, ಬಟ್ಟೆ ಕಪ್ಪಾಯಿತು. 4000ಕ್ಕೆ ಎಲ್ಲರೂ ಒಪ್ಪಿದರು. ಒಪ್ಪಿದವರು ಹೊಲಿಯುವ ಅಕ್ಕಂದಿರು, ಮಾಲೀಕರಲ್ಲ.

ಕೊನೆಯ ಪರೀಕ್ಷೆ ತಗಡಿನ ಚಾವಣಿಯಡಿ, ಮೇ ತಿಂಗಳಲ್ಲಿ. ಹೊರಗೆ ನಲವತ್ತರ ಮೇಲೆ, ಒಳಗೆ ಎಷ್ಟೋ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದಾಗ ಪಕ್ಕದ ಮ್ಯಾಗ್ನೆಟ್ ದೀಪ ಮಿಣಿಮಿಣಿ ಕುಣಿಯುತ್ತಿತ್ತು, ನನ್ನದು ಅಲುಗಲಿಲ್ಲ. ಸೂಜಿ ಓಡುವಾಗ ಹೊಗೆಯ ಗೆರೆಯಂತೆ ಕಂಡಿತು, ಕಾಣಬೇಕಾದದ್ದೂ ಹಾಗೆಯೇ. ಅಕ್ಕ ಇಡೀ ಪಾಳಿ ಅದರಡಿಯಲ್ಲೇ ಹೊಲಿದು, ಸಂಜೆ ಏಳುವಾಗ ಮಾಲೀಕರಿಗೆ, “ಈ ದೀಪ ಬಿಚ್ಚಬೇಡಿ ಸಾಹುಕಾರರೇ” ಎಂದರು.

ಆಮೇಲೆ ಬೋರ್ಡನ್ನು ನೋಡಿಕೊಂಡೇ ಗೆರೆ ಎಳೆದು ಸ್ವಂತ ಪಿಸಿಬಿ ಮಾಡಿಸಿದೆ. ಈ ಸಲ ಮೊದಲ ಕಂತಿನಲ್ಲೇ ನಡೆಯಿತು. ದೀಪವೊಂದಕ್ಕೆ ನನಗೆ ಬೀಳುವುದು ಐನೂರರ ಒಳಗೆ, ಮಾರುವುದು ಏಳುನೂರೈವತ್ತಕ್ಕೆ. ನಲವತ್ತರಲ್ಲಿ ವಾಪಸ್ ಬಂದದ್ದು ಮೂರು. ಎರಡರ ತಂತಿಯನ್ನು ಇಲಿ ಕಡಿದಿತ್ತು, ಇನ್ನೊಂದರ ಬಿಸಿ ಹೊರಬಿಡುವ ಹೀಟ್ ಸಿಂಕಿನ ಸಂದುಗಳಲ್ಲಿ ನೀಲಿ ನೂಲಿನ ಧೂಳು ಹಾಸಿಗೆಯಂತೆ ಕೂತು ಎಲ್‌ಇಡಿ ಕಂದಿತ್ತು. ಈಗ ಸಂದುಗಳನ್ನು ಅಗಲ ಮಾಡಿದ್ದೇನೆ. ಮಾಲೀಕರು ಇನ್ನೂ ಅರವತ್ತು ಕೇಳಿದ್ದಾರೆ, ಆದರೆ ಆರುನೂರೈವತ್ತಕ್ಕೆ. ನಾನು ಏಳುನೂರಕ್ಕೆ ಕೂತಿದ್ದೇನೆ.