ಮೌಂಟನ್ ಬೈಕಿನ ಹೆಡ್‌ಸೆಟ್ ಸಡಿಲಗೊಂಡರೆ ಪತ್ತೆ ಹಚ್ಚುವುದು, ಸರಿಪಡಿಸುವುದು

ಚಿತ್ರದುರ್ಗದ ಜೋಗಿಮಟ್ಟಿಯಂತಹ ಗುಡ್ಡದ ರಸ್ತೆಯಲ್ಲಿ ಇಳಿಯುವಾಗ ಮುಂದಿನ ಬ್ರೇಕ್ ಹಿಡಿದೊಡನೆ ಹ್ಯಾಂಡಲ್‌ನ ಬುಡದಲ್ಲಿ ‘ಟಕ್’ ಎಂಬ ಸದ್ದು ಬಂದು, ಅದರ ಜೊತೆಗೇ ಅಂಗೈಗೆ ಸಣ್ಣದೊಂದು ಏಟು ತಾಗಿದರೆ, ಹೆಡ್‌ಸೆಟ್ ಸಡಿಲಗೊಂಡಿದೆಯೇ ಎಂದು ಮೊದಲು ನೋಡಬೇಕು. ಫ್ರೇಮಿನ ಮುಂಭಾಗದ ಕೊಳವೆಯೊಳಗೆ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್‌ನ ಕಂಬ ಸರಾಗವಾಗಿ ತಿರುಗುವಂತೆ ಮೇಲೊಂದು, ಕೆಳಗೊಂದು ಕೂರಿಸಿರುವ ಬೇರಿಂಗ್‌ಗಳ ಜೋಡಣೆಯೇ ಹೆಡ್‌ಸೆಟ್. ಮೋಟಾರ್ ಸೈಕಲ್ ಮೆಕ್ಯಾನಿಕ್‌ಗಳ ಬಾಯಲ್ಲಿ ಇದೇ ಕೋನ್‌ಸೆಟ್. ಸಡಿಲಗೊಂಡ ಹೆಡ್‌ಸೆಟ್‌ನಲ್ಲಿಯೇ ಓಡಿಸುತ್ತ ಹೋದರೆ ಮೊದಲು ಬೇರಿಂಗ್ ಹಾಳಾಗುತ್ತದೆ, ಆಮೇಲೆ ಅದು ಕೂರುವ ಜಾಗವೇ ಸವೆದು ಅಗಲವಾಗುತ್ತದೆ. ಬೇರಿಂಗ್ ಬದಲಿಸುವ ಖರ್ಚು ಸಣ್ಣದು, ಫ್ರೇಮಿನ ಖರ್ಚು ಹಾಗಲ್ಲ.

ಎಲ್ ಕೀ (ಅಲೆನ್ ಕೀ) ಕೈಗೆತ್ತಿಕೊಳ್ಳುವ ಮುನ್ನ ಸದ್ದು ಹೆಡ್‌ಸೆಟ್‌ನದ್ದೇ ಎಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಇದೇ ಬಗೆಯ ಅಲುಗಾಟ ಬೇರೆ ಮೂರು ನಾಲ್ಕು ಕಡೆಯಿಂದಲೂ ಬರಬಹುದು. ಎರಡೂ ಚಕ್ರಗಳು ನೆಲದ ಮೇಲಿರುವಂತೆ ನಿಂತು, ಒಂದು ಕೈಯಲ್ಲಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಫ್ರೇಮಿನ ಕೊಳವೆ ಮತ್ತು ಹೆಡ್‌ಸೆಟ್‌ನ ಮೇಲಿನ ಮುಚ್ಚಳ ಸೇರುವ ಗೆರೆಯ ಮೇಲೆ ಸುತ್ತಿ, ಬೈಕನ್ನು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಅಲ್ಲಾಡಿಸಿ. ಆ ಗೆರೆಯ ಮೇಲಿನ ಭಾಗ ಕೆಳಗಿನ ಭಾಗದ ಮೇಲೆ ಕೂದಲೆಳೆಯಷ್ಟು ಜಾರಿದರೂ ಬೆರಳಿಗೆ ತಿಳಿಯುತ್ತದೆ. ಕಣ್ಣಿಗಿಂತ ಇಲ್ಲಿ ಬೆರಳೇ ನಂಬಿಕಸ್ತ. ಕೆಳಗಡೆ ಫೋರ್ಕ್‌ನ ತಲೆ ಸೇರುವ ಜಾಗದಲ್ಲೂ ಇದೇ ಪರೀಕ್ಷೆ ಮಾಡಿ.

ಬೆರಳಿಗೆ ಅಲ್ಲೇನೂ ತಿಳಿಯದೆ ಸದ್ದು ಮಾತ್ರ ಕೇಳಿಸುತ್ತಿದ್ದರೆ ಹ್ಯಾಂಡಲನ್ನು ಪೂರ್ತಿ ಒಂದು ಪಕ್ಕಕ್ಕೆ, ಅಂದರೆ 90 ಡಿಗ್ರಿಗೆ ತಿರುಗಿಸಿ ಮತ್ತೆ ಅಲ್ಲಾಡಿಸಿ. ಆಗ ಸದ್ದು ನಿಂತುಹೋದರೆ ಅದು ಸಸ್ಪೆನ್ಷನ್ ಫೋರ್ಕ್‌ನೊಳಗಿನ ಬುಶ್ ಸವೆದದ್ದರಿಂದಲೋ, ಕ್ಯಾಲಿಪರ್‌ನೊಳಗೆ ಬ್ರೇಕ್ ಪ್ಯಾಡ್ ಕದಲುವುದರಿಂದಲೋ ಬರುತ್ತಿರುವ ಸಾಧ್ಯತೆ ಹೆಚ್ಚು. ಪ್ಯಾಡ್‌ನ ಅಲ್ಪ ಕದಲಿಕೆ ಡಿಸ್ಕ್ ಬ್ರೇಕ್‌ಗಳಲ್ಲಿ ಸಹಜ, ಅದಕ್ಕೆ ಚಿಂತಿಸಬೇಕಿಲ್ಲ. ಚಕ್ರದ ರಿಮ್ ಹಿಡಿದು ಎಡಬಲಕ್ಕೆ ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲ ಅಲುಗಾಟ ಕಂಡರೆ ದೋಷ ಚಕ್ರದ ನಡುವಿನ ಹಬ್‌ನದ್ದು, ಇಲ್ಲವೇ ಚಕ್ರದ ಆಕ್ಸಲ್ ಸಡಿಲವಾಗಿದೆ.

ಹೆಡ್‌ಸೆಟ್ಟೇ ಸಡಿಲವೆಂದು ತಿಳಿದ ಮೇಲೆ ಹೆಚ್ಚಿನವರು ಮಾಡುವ ಕೆಲಸವೆಂದರೆ ಹ್ಯಾಂಡಲನ್ನು ಫೋರ್ಕ್‌ನ ಕಂಬಕ್ಕೆ ಕೂಡಿಸುವ ಸ್ಟೆಮ್‌ನ ನೆತ್ತಿಯ ಮೇಲೆ ಕಾಣುವ ಬೋಲ್ಟನ್ನು ಶಕ್ತಿಯಿದ್ದಷ್ಟು ತಿರುವುವುದು. ಸಾದಾ ಸೈಕಲ್‌ಗಳಲ್ಲಿ ಫೋರ್ಕ್‌ನ ಕಂಬಕ್ಕೆ ನಟ್ ಕೂರುವ ಮರೆ (ತಿರುಪಿನ ಗೆರೆ) ಇದ್ದು, ಮೇಲಿನ ನಟ್ಟೇ ಎಲ್ಲವನ್ನೂ ಬಿಗಿದು ಹಿಡಿಯುವುದರಿಂದ, ಅದರಲ್ಲಿ ಕೈ ಪಳಗಿದ ಅಂಗಡಿಗಳಲ್ಲೂ ಈ ಅಭ್ಯಾಸ ಉಳಿದಿದೆ. ಈಗಿನ ಮೌಂಟನ್ ಬೈಕಿನಲ್ಲಿ ವ್ಯವಸ್ಥೆಯೇ ಬೇರೆ. ನೆತ್ತಿಯ ಬೋಲ್ಟ್ ಕಂಬದೊಳಗೆ ಕಚ್ಚಿಕೊಂಡಿರುವ ಸ್ಟಾರ್ ನಟ್‌ಗೆ ಸೇರಿ, ಸ್ಟೆಮ್ ಮತ್ತು ಬಳೆಯಾಕಾರದ ಸ್ಪೇಸರ್‌ಗಳನ್ನು ಬೇರಿಂಗ್‌ನ ಮೇಲೆ ಒತ್ತಿ ಆಟವನ್ನು ತೆಗೆಯುತ್ತದೆ, ಅಷ್ಟೇ; ಆ ಸ್ಥಿತಿಯನ್ನು ಹಿಡಿದಿಡುವುದು ಸ್ಟೆಮ್‌ನ ಪಕ್ಕದಲ್ಲಿರುವ ಎರಡು ಬೋಲ್ಟ್‌ಗಳು. ಅವು ಬಿಗಿಯಾಗಿಯೇ ಇದ್ದರೆ ಸ್ಟೆಮ್ ಕೆಳಗಿಳಿಯಲಾರದು, ಮೇಲಿನಿಂದ ಎಷ್ಟು ತಿರುವಿದರೂ ಸ್ಟಾರ್ ನಟ್ ಕಿತ್ತು ಬರುತ್ತದೆಯೇ ಹೊರತು ಹೆಡ್‌ಸೆಟ್ ಬಿಗಿಯಾಗದು.

ಆದ್ದರಿಂದ ಮೊದಲು ಪಕ್ಕದ ಎರಡೂ ಬೋಲ್ಟ್‌ಗಳನ್ನು, ಸ್ಟೆಮ್ ಕೈಯಿಂದ ತಿರುಗುವಷ್ಟು ಸಡಿಲಿಸಬೇಕು. ಇದಕ್ಕೆ 4 ಅಥವಾ 5 ಮಿ.ಮೀ. ಎಲ್ ಕೀ ಸಾಕು. ಬಳಿಕ ನೆತ್ತಿಯ ಬೋಲ್ಟನ್ನು ಕಾಲು ಸುತ್ತು, ಆಮೇಲೆ ಅದಕ್ಕಿಂತಲೂ ಕಡಿಮೆ ತಿರುವುತ್ತ, ಪ್ರತಿಸಲವೂ ಬ್ರೇಕ್ ಹಿಡಿದು ಅಲ್ಲಾಡಿಸಿ ನೋಡುತ್ತ ಹೋಗಬೇಕು. ಬೆರಳಿಗೆ ಆಟ ತಿಳಿಯದಂತಾದ ಕ್ಷಣವೇ ನಿಲ್ಲಿಸಬೇಕು. ‘ಇರಲಿ, ಇನ್ನೊಂದು ಸುತ್ತು’ ಎನ್ನುವ ಧಾರಾಳತನ ಇಲ್ಲಿ ಬೇಡ. ಈಗ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಬೈಕನ್ನು ತುಸು ವಾಲಿಸಿದರೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ಹೊರಳಬೇಕು. ಕೇಬಲ್‌ಗಳು ತಡೆಯದಿದ್ದರೂ ಅದು ಅರೆಬರೆ ತಿರುಗಿ ನಿಂತರೆ ಬಿಗಿ ಹೆಚ್ಚಾಗಿದೆ, ಒಂದಿಷ್ಟು ಹಿಂದಕ್ಕೆ ಬಿಡಿ.

ಸ್ಟೆಮ್ ಮುಂದಿನ ಚಕ್ರದ ನೇರಕ್ಕೆ ಇದೆಯೇ ಎಂದು ಮೇಲಿನಿಂದ ನೋಡಿಕೊಂಡು ಪಕ್ಕದ ಬೋಲ್ಟ್‌ಗಳನ್ನು ಒಮ್ಮೆ ಇದನ್ನು, ಒಮ್ಮೆ ಅದನ್ನು ಎಂಬಂತೆ ಸರದಿಯಲ್ಲಿ ಬಿಗಿಯಿರಿ. ಎಷ್ಟು ಬಿಗಿ ಎಂಬುದನ್ನು ಸಾಮಾನ್ಯವಾಗಿ ಸ್ಟೆಮ್‌ನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಬಹಳಷ್ಟು ಸ್ಟೆಮ್‌ಗಳಿಗೆ ಅದು 5ರಿಂದ 6 ನ್ಯೂಟನ್ ಮೀಟರ್. ಈ ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದವರು ಎಲ್ ಕೀಗೆ ಪೈಪ್ ಸೇರಿಸಿ ತಿರುವುವ ಸಾಹಸಕ್ಕೆ ಮಾತ್ರ ಇಳಿಯಬಾರದು. ಮುಗಿದ ಮೇಲೆ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲನ್ನು ತಿರುಚಿದರೆ ಸ್ಟೆಮ್ ಜಾರಬಾರದು.

ಇಷ್ಟೆಲ್ಲ ಮಾಡಿದರೂ ಆಟ ಹೋಗದಿದ್ದರೆ ನೆತ್ತಿಯ ಮುಚ್ಚಳ ತೆಗೆದು ಒಳಗೆ ನೋಡಿ. ಫೋರ್ಕ್‌ನ ಕಂಬದ ತುದಿ ಸ್ಟೆಮ್‌ನ ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು, ಎರಡೂ ಸಮವಾಗಿದ್ದರೆ ಮುಚ್ಚಳ ಕಂಬಕ್ಕೇ ತಾಗಿ ನಿಲ್ಲುತ್ತದೆ, ಸ್ಟೆಮ್‌ನ ಮೇಲೆ ಒತ್ತಡ ಬೀಳುವುದೇ ಇಲ್ಲ. ತೆಳುವಾದ ಒಂದು ಸ್ಪೇಸರ್ ಸೇರಿಸಿದರೆ ಈ ತೊಂದರೆ ತೀರುತ್ತದೆ. ಸ್ಟಾರ್ ನಟ್ ಮೇಲಕ್ಕೆ ಎದ್ದು ಬಂದಿದ್ದರೆ ಹೊಸದೊಂದನ್ನು ಅಂಚಿನಿಂದ ಸುಮಾರು 15 ಮಿ.ಮೀ. ಕೆಳಗೆ ನೇರವಾಗಿ ಕೂರಿಸಬೇಕಾಗುತ್ತದೆ.

ಹ್ಯಾಂಡಲ್ ನೇರಕ್ಕೆ ಬಂದಾಗಲೆಲ್ಲ ಗುಳಿಯೊಳಗೆ ಬಿದ್ದಂತೆ ಅಲ್ಲಿಯೇ ಕಚ್ಚಿ ನಿಲ್ಲುವುದಾದರೆ ಬೇರಿಂಗ್ ಸವೆದಿದೆ ಎಂದೇ ಅರ್ಥ, ಬಿಗಿದು ಪ್ರಯೋಜನವಿಲ್ಲ. ಬಿಚ್ಚಿದಾಗ ಕೆಳಗಿನ ಬೇರಿಂಗ್‌ನ ಸುತ್ತ ಗ್ರೀಸ್ ಮತ್ತು ಧೂಳು ಕಲೆತ, ಬೆರಳಲ್ಲಿ ತಿಕ್ಕಿದರೆ ಮರಳಿನಂತೆ ತರಿತರಿ ಎನ್ನುವ ಕಪ್ಪು ಮುದ್ದೆ ಕಾಣುವುದು ನಮ್ಮ ಕಡೆ ಮಾಮೂಲು. ಮುಂದಿನ ಚಕ್ರ ಎರಚುವುದೆಲ್ಲ ನೇರವಾಗಿ ಅಲ್ಲಿಗೇ ಹೋಗುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಪೈಪನ್ನು ಆ ಜಾಗಕ್ಕೆ ಹಿಡಿಸಿದರೆ ನೀರು ಒಳಹೊಕ್ಕು ತುಕ್ಕೂ ಸೇರಿಕೊಳ್ಳುತ್ತದೆ, ಬಕೆಟ್ ಮತ್ತು ಬಟ್ಟೆಯೇ ಮೇಲು. ಗುಂಡುಗಳು ಬಿಡಿಯಾಗಿರುವ ಹೆಡ್‌ಸೆಟ್ ಆದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸ್ ಹಾಕಬಹುದು. ಸೀಲ್ ಮಾಡಿದ ಬೇರಿಂಗ್ ಆದರೆ ಬದಲಿಸುವುದೇ ಸರಿ. ಅದರ ಅಂಚಿನಲ್ಲಿ ಅಳತೆಯ ಜೊತೆ 36×45 ಎಂಬಂತೆ ಕೋನವನ್ನೂ ಕೊರೆದಿರುತ್ತಾರೆ, ಎರಡೂ ಹೊಂದಬೇಕಾದ್ದರಿಂದ ಹಳೆಯದನ್ನೇ ದಾವಣಗೆರೆಗೋ ಬೆಂಗಳೂರಿಗೋ ಒಯ್ದು ತೋರಿಸಿ ತರುವುದು ಒಳ್ಳೆಯದು. ಫೋರ್ಕ್‌ನ ಬುಡಕ್ಕೆ ಬಿಗಿಯಾಗಿ ಕೂತಿರುವ ಕೆಳಗಿನ ರೇಸ್ (ಬೇರಿಂಗ್ ಕೂರುವ ಬಳೆ) ಬದಲಿಸಬೇಕಾಗಿ ಬಂದರೆ, ಸರಿಯಾದ ಸಲಕರಣೆಯಿಲ್ಲದೆ ಉಳಿ ಸುತ್ತಿಗೆಯಿಂದ ಎಬ್ಬಿಸಲು ಹೋಗದೆ, ಆ ಒಂದು ಕೆಲಸವನ್ನು ಗೇರ್ ಸೈಕಲ್ ರಿಪೇರಿ ಬಲ್ಲ ಅಂಗಡಿಗೆ ಬಿಡಿ.